ಡಿಕ್ಕಿ ಚಿಕ್ಕದು, ಉಮ್ಮನಿಗೆ ಸೀಟು ಬೇಕು

ಕಳೆದ ಮಳೆಗಾಲದಲ್ಲಿ ಅಕ್ಕನನ್ನು ಮೈಸೂರಿನ ಹಾಸ್ಟೆಲಿಗೆ ಬಿಡಲು ಪುತ್ತೂರಿನಿಂದ ಹೊರಟಾಗ ನಮ್ಮ ಕಾರಿನಲ್ಲಿ ಉಮ್ಮನಿಗೆ ಜಾಗ ಇರಲಿಲ್ಲ. ಮೊದಲ ಬಾರಿಗೆ ಮನೆ ಬಿಟ್ಟು ಹೋಗುವ ಮಗಳು. ಅವಳ ಕೋಣೆ ಹೇಗಿದೆ, ನೀರು ಸರಿಯಾಗಿ ಬರುತ್ತದಾ ಎಂದು ನೋಡಬೇಕಾದವರು ಉಮ್ಮ. ಆದರೆ ಡಿಕ್ಕಿ ತುಂಬಿ, ಹಿಂದಿನ ಸೀಟಿನ ಮೇಲೂ ಟ್ರಾಲಿ ಮತ್ತು ಹಾಸಿಗೆ ಏರಿ, ಉಳಿದದ್ದು ಒಂದು ಮೂಲೆ. ಸಾಮಾನು ಎತ್ತಲು ಆಳು ಬೇಕೆಂದು ಆ ಮೂಲೆ ನನಗೆ ಸಿಕ್ಕಿತು. "ಮುಂದಿನ ಸಲ ಬರ್ತೇನೆ ಬಿಡಿ" ಎಂದು ಉಮ್ಮ ಗೇಟಿನ ಹತ್ತಿರವೇ ನಿಂತರು. ಸುಳ್ಯದವರೆಗೆ ಅಕ್ಕ ಒಂದು ಮಾತೂ ಆಡಲಿಲ್ಲ.

ಆ ದಿನದ ನಂತರ ಕಾರಿನಲ್ಲಿ ಸಾಮಾನು ಜೋಡಿಸುವುದರ ಬಗ್ಗೆ ನಾನು ತಲೆ ಕೆಡಿಸಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮದು ಟಾಟಾ ಟಿಯಾಗೊ ಇವಿ. ಕಾಲೇಜಿನ ಪಾರ್ಕಿಂಗಿನಲ್ಲೂ ಇಂಥ ಪುಟ್ಟ ಎಲೆಕ್ಟ್ರಿಕ್ ಕಾರುಗಳು ಕಾಣತೊಡಗಿವೆ. ಲೆಕ್ಚರರ್‌ಗಳಿಗೂ ಉಪಯೋಗವಾದೀತು.

ಮೊದಲು ಲೀಟರಿನ ವಿಷಯ. ಟಿಯಾಗೊ ಇವಿಯ ಡಿಕ್ಕಿ 240 ಲೀಟರ್ ಎಂದು ಕಂಪನಿ ಹೇಳುತ್ತದೆ. ಡಿಕ್ಕಿಗೆ ಯಾರೂ ನೀರು ತುಂಬಿ ಅಳೆಯುವುದಿಲ್ಲ. ಜರ್ಮನಿಯಲ್ಲಿ ಶುರುವಾದ ವಿಡಿಎ ಎಂಬ ಒಂದು ಕ್ರಮವಿದೆ. ಅದರಲ್ಲಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ತುಂಡುಗಳನ್ನು ಇಟ್ಟಿಗೆಯಂತೆ ಜೋಡಿಸಿ ಎಷ್ಟು ಹಿಡಿಯುತ್ತದೆ ಎಂದು ಎಣಿಸುತ್ತಾರೆ. ಗುಣಿಸಿ ನೋಡಿ, ಒಂದು ತುಂಡು ಸರಿಯಾಗಿ 1000 ಘನ ಸೆಂ.ಮೀ., ಅಂದರೆ ಒಂದು ಲೀಟರ್. ಚಕ್ರದ ಗೂಡಿನ ಪಕ್ಕದ ಸಂದಿ, ಬಾಗಿಲಿನ ಹತ್ತಿರದ ಓರೆ, ಎಲ್ಲ ಕಡೆ ಈ ಸಣ್ಣ ತುಂಡುಗಳು ನುಗ್ಗುತ್ತವೆ. ನಮ್ಮ ದೊಡ್ಡ ಟ್ರಾಲಿ ನುಗ್ಗುವುದಿಲ್ಲ. ಅದನ್ನು ನಾನು ಟೇಪಿನಲ್ಲಿ ಅಳೆದೆ: 75, 50, 30 ಸೆಂ.ಮೀ. ಅಂದರೆ 112 ಲೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಟ್ರಾಲಿ ಸೇರಿದರೆ 225 ಲೀಟರ್. ಲೆಕ್ಕದಲ್ಲಿ ಎರಡೂ ಹಿಡಿಯಬೇಕು. ಆದರೆ ನಮ್ಮ ಡಿಕ್ಕಿಯಲ್ಲಿ ಕೂತದ್ದು ಒಂದೇ, ಸುತ್ತಲೂ ಕೈ ಹೋಗದ ಖಾಲಿ ಜಾಗ ಬಿಟ್ಟು.

ಎರಡನೇ ಸಲಕ್ಕೆ ಎರಡು ಟ್ರಾಲಿಗಳನ್ನೂ ಮನೆಯಲ್ಲೇ ಬಿಟ್ಟೆವು. ಅಕ್ಕನ ಬಟ್ಟೆ ನಾಲ್ಕು ಮೆತ್ತನೆಯ ಬಟ್ಟೆ ಚೀಲಗಳಿಗೆ ಹೋಯಿತು. ಮೆತ್ತನೆಯ ಚೀಲ ಸಂದಿಯ ಆಕಾರವನ್ನೇ ತಾಳುತ್ತದೆ. ಅಕ್ಕನಿಗೆ ಇದು ಇಷ್ಟವಾಗಲಿಲ್ಲ. "ಹಾಸ್ಟೆಲಿನಲ್ಲಿ ಎಲ್ಲರೂ ಟ್ರಾಲಿ ಎಳೆದುಕೊಂಡು ಬರ್ತಾರೆ, ನಾನು ಸಂತೆಗೆ ಹೋದವಳ ಹಾಗೆ ಬರಬೇಕಾ?" ಎಂದು ಕೇಳಿದಳು. ಉಮ್ಮ ಬರುತ್ತಾರೆ ಎಂದದ್ದಕ್ಕೆ ಸುಮ್ಮನಾದಳು.

ಆ ಮೇಲೆ ಗಾಳಿ. ನಾವು ಸಾಗಿಸುವ ಸಾಮಾನಿನಲ್ಲಿ ಅರ್ಧಕ್ಕರ್ಧ ಗಾಳಿಯೇ ಇರುತ್ತದೆ. ಖಾಲಿ ಬಕೆಟ್ಟು ಎಂದರೆ ಹದಿನೈದು ಇಪ್ಪತ್ತು ಲೀಟರ್ ಗಾಳಿ. ಅದರೊಳಗೆ ಮಗ್ಗು, ಸೋಪು, ಇಸ್ತ್ರಿಪೆಟ್ಟಿಗೆ, ಹ್ಯಾಂಗರ್ ಎಲ್ಲ ಹೋದವು. ಶೂಗಳೊಳಗೆ ಸಾಕ್ಸು. ದಿಂಬನ್ನು ಚೀಲಗಳ ನಡುವಿನ ಸಂದಿಗೆ ತುರುಕಿದೆ. ಹಾಸಿಗೆಗೆ ಮಾತ್ರ ಉಪಾಯ ಇರಲಿಲ್ಲ, ಹತ್ತಿಯ ಹಾಸಿಗೆಯನ್ನು ಎಷ್ಟು ಬಿಗಿದು ಕಟ್ಟಿದರೂ ಅದು ಡಿಕ್ಕಿಯ ಅರ್ಧ ನುಂಗುತ್ತದೆ. ಅದನ್ನು ಅಕ್ಕ ಮೈಸೂರಿನ ಗೆಳತಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಕೆಲವು ಸಾಮಾನಿಗೆ ಸರಿಯಾದ ಜಾಗ ಕಾರಲ್ಲ.

ಪೆಟ್ರೋಲ್ ಕಾರಿಗೂ ಎಲೆಕ್ಟ್ರಿಕ್ ಕಾರಿಗೂ ವ್ಯತ್ಯಾಸ ಇರುವುದು ನೆಲದಡಿಯಲ್ಲಿ. ಟಿಯಾಗೊ ಮೊದಲು ಪೆಟ್ರೋಲ್ ಕಾರಾಗಿ ಬಂದದ್ದು. ಬ್ಯಾಟರಿಗೆ ನಂತರ ಜಾಗ ಹುಡುಕಿದ್ದಾರೆ. ಹಿಂದಿನ ಸೀಟಿನ ಅಡಿಯ ಜಾಗವೂ ಸ್ಟೆಪ್ನಿ ಕೂರುವ ಹಳ್ಳವೂ ಅದಕ್ಕೆ ಹೋಗಿದೆ. ಹಾಗಾಗಿ ಸ್ಟೆಪ್ನಿ ಇಲ್ಲ, ಬದಲಿಗೆ ಪಂಕ್ಚರ್ ಕಿಟ್ ಕೊಡುತ್ತಾರೆ. ಎಲೆಕ್ಟ್ರಿಕ್‌ಗೆಂದೇ ರೂಪಿಸಿದ ತಳದ ಮೇಲೆ ಬಂದ ಪಂಚ್ ಇವಿಯಲ್ಲಿ ಡಿಕ್ಕಿ 366 ಲೀಟರ್, ಬಾನೆಟ್ಟಿನ ಅಡಿಯಲ್ಲೂ 14 ಲೀಟರಿನ ಒಂದು ಪುಟ್ಟ ಪೆಟ್ಟಿಗೆ ಇದೆ. ಮೂರು ಮೀಟರ್ ಉದ್ದವೂ ಇಲ್ಲದ ಎಂಜಿ ಕಾಮೆಟ್‌ನಲ್ಲಿ ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿ ಎನ್ನುವುದೇ ಇಲ್ಲವೆನ್ನಬಹುದು.

ಪಂಕ್ಚರ್ ಕಿಟ್ ಮತ್ತು ಚಾರ್ಜಿಂಗ್ ಕೇಬಲ್, ಇವೆರಡೂ ದಾರಿಯಲ್ಲಿ ಯಾವಾಗ ಬೇಕಾಗುತ್ತವೆ ಎಂದು ಹೇಳಲಾಗದು. ಮೊದಲ ಸಲ ನಾವು ಕೆಟ್ಟದ್ದು ಇಲ್ಲೇ. ಮಡಿಕೇರಿ ದಾಟಿ ಕುಶಾಲನಗರದ ಹತ್ತಿರ ಬಂದಾಗ ಬ್ಯಾಟರಿ ಕಡಿಮೆಯಾಗಿತ್ತು. ನೆಚ್ಚಿಕೊಂಡಿದ್ದ ಫಾಸ್ಟ್ ಚಾರ್ಜರ್ ಕೆಟ್ಟು ನಿಂತಿತ್ತು. ಫಾಸ್ಟ್ ಚಾರ್ಜರಿಗೆ ಅದರದ್ದೇ ಕೇಬಲ್ ಇರುತ್ತದೆ, ನಮ್ಮದು ಬೇಡ. ಆ ಧೈರ್ಯದಲ್ಲೇ ಬಾಪ ನಮ್ಮ ಕೇಬಲನ್ನು ಡಿಕ್ಕಿಯ ತಳಕ್ಕೆ ಹಾಕಿದ್ದರು. ಒಂದು ಹೋಟೆಲಿನವರು 15 ಆಂಪಿಯರ್ ಸಾಕೆಟ್ ಕೊಡಲು ಒಪ್ಪಿದರು. ಜಡಿಮಳೆ. ಅಕ್ಕನ ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲವನ್ನೂ ಹೋಟೆಲಿನ ಜಗಲಿಗೆ ಹೊತ್ತು ಹಾಕಿ ಕೇಬಲ್ ತೆಗೆದೆವು. ಊಟಕ್ಕೆ ಬಂದವರೆಲ್ಲ ನೋಡುತ್ತಿದ್ದರು. ಅಂಥ ಸಾಕೆಟ್ಟಿನಲ್ಲಿ ಗಂಟೆಗೆ ಎರಡೂವರೆ ಯೂನಿಟ್ ಆಸುಪಾಸು ಹೋಗುತ್ತದೆ. ಎರಡೂವರೆ ಗಂಟೆ ಅಲ್ಲೇ ಕೂತೆವು. ಈಗ ಕೇಬಲ್ ಮತ್ತು ಕಿಟ್ ಒಂದೇ ಚೀಲದಲ್ಲಿ ಡಿಕ್ಕಿಯ ಬಾಗಿಲಿಗೆ ತಾಗಿ, ಎಲ್ಲದರ ಮೇಲೆ ಇರುತ್ತವೆ.

ಎರಡನೇ ಸಲ ಹೊರಡುವ ಮೊದಲು ಬಾಪ ಸುಲಭದ ದಾರಿ ಹೇಳಿದರು: "ಮೇಲೆ ಕ್ಯಾರಿಯರ್ ಹಾಕಿಸುವ. ನೀನು ಫಿಸಿಕ್ಸ್ ಓದುವವನಲ್ಲವಾ, ಲೆಕ್ಕ ಮಾಡಿ ಹೇಳು." ಮಾಡಿದೆ. ಕಾರಿನೊಳಗೆ 100 ಕೆ.ಜಿ. ಹೆಚ್ಚು ಹಾಕಿ ಮಡಿಕೇರಿ ಹತ್ತಿದರೆ ಏರಬೇಕಾದ ಎತ್ತರ ಸುಮಾರು 1000 ಮೀಟರ್. ಎಂಜಿಹೆಚ್ ಪ್ರಕಾರ 100 × 9.8 × 1000, ಅಂದರೆ 9,80,000 ಜೌಲ್. ಒಂದು ಯೂನಿಟ್ ವಿದ್ಯುತ್ 36 ಲಕ್ಷ ಜೌಲ್. ಅಂದರೆ ಕಾಲು ಯೂನಿಟ್‌ಗಿಂತ ಚೂರು ಹೆಚ್ಚು! ಟಯರಿನ ಉರುಳು ಘರ್ಷಣೆಗೆ 100 ಕಿ.ಮೀ.ಗೆ ಮತ್ತೊಂದು ಮೂರನೇ ಒಂದು ಯೂನಿಟ್ ಹಿಡಿಯಿರಿ. ಮೋಟಾರಿನ ನಷ್ಟವನ್ನೂ ಸೇರಿಸಿದರೆ ಒಂದು ಯೂನಿಟ್ ಒಳಗೇ ಮುಗಿಯುತ್ತದೆ. ನಮ್ಮ ಬ್ಯಾಟರಿ 24 ಯೂನಿಟ್‌ನದು.

ಇನ್ನು ಕ್ಯಾರಿಯರ್. ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಸಾಮಾನು ಗಾಳಿಗೆ ಎದುರಾಗಿ ಕೂತಿದೆ ಎನ್ನಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದೊಂದರ ಮೇಲೆ ಗಾಳಿ ಹಾಕುವ ತಡೆ ಅಂದಾಜು 74 ನ್ಯೂಟನ್. 100 ಕಿ.ಮೀ. ಹೋದರೆ ಎರಡು ಯೂನಿಟ್. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಘಾಟಿಯ 40ರ ವೇಗದಲ್ಲಿ ಇದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಹುಣಸೂರಿನ ನೇರ ರಸ್ತೆಯಲ್ಲಿ ಬಾಪ 40ರಲ್ಲಿ ಹೋಗುವವರಲ್ಲ. ಕ್ಯಾರಿಯರ್ ವಿಚಾರ ಅಲ್ಲಿಗೇ ಬಿಟ್ಟಿತು. ಭಾರಕ್ಕಿಂತ ಗಾಳಿಗೆ ಹೆಚ್ಚು ಖರ್ಚು ಎನ್ನುವುದನ್ನು ನಾನೂ ಲೆಕ್ಕ ಮಾಡುವವರೆಗೆ ನಂಬಿರಲಿಲ್ಲ.

ಹಾಗೆಂದು ಭಾರವನ್ನು ಎಲ್ಲೆಂದರಲ್ಲಿ ಹಾಕಬಾರದು. ಟಿಯಾಗೊದಲ್ಲಿ ಮೋಟಾರು ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಭಾರ ಬಿದ್ದರೆ ಸನ್ನೆಗೋಲಿನ ಹಾಗೆ ಮುಂಭಾಗ ಹಗುರಾಗುತ್ತದೆ. ಸಂಪಾಜೆ ಘಾಟಿಯ ಒದ್ದೆ ತಿರುವಿನಲ್ಲಿ ಹಿಡಿತ ಬೇಕಾದದ್ದೇ ಆ ಚಕ್ರಗಳಿಗೆ. ಆದ್ದರಿಂದ ಪುಸ್ತಕದ ಕಟ್ಟುಗಳು ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡು ಕೂತವು. ಹತ್ತು ಕೆ.ಜಿ. ಕುಚ್ಚಲಕ್ಕಿ ನನ್ನ ಕಾಲಬುಡದ ನೆಲಕ್ಕೆ ಬಂತು. ಹಗುರದ್ದೆಲ್ಲ ಮೇಲೆ, ಅದೂ ಸೀಟಿನ ಬೆನ್ನಿನ ಎತ್ತರದವರೆಗೆ ಮಾತ್ರ. ಹಿಂದಿನ ಗಾಜು ಕಾಣಬೇಕು ಎನ್ನುವುದು ಒಂದು ಕಾರಣ. ಇನ್ನೊಂದು, ಎರಡು ಕೆ.ಜಿ.ಯ ಸ್ಟೀಲ್ ಡಬ್ಬಿ ಹಿಂದಿನ ತಟ್ಟೆಯ ಮೇಲಿದ್ದು, 60ರ ವೇಗದ ಕಾರು ಏನಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಡಬ್ಬಿಯನ್ನು ತಡೆಯಲು 330 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕು, ಅಂದರೆ 34 ಕೆ.ಜಿ. ಭಾರ ಹೊತ್ತಷ್ಟು. ತಡೆಯುವುದು ನಮ್ಮ ತಲೆಯ ಹಿಂಭಾಗ. ನೀರಿನ ಬಾಟಲಿ ಉರುಳಿ ಬ್ರೇಕಿನ ಅಡಿಗೆ ಹೋಗದಂತೆಯೂ ನೋಡಿಕೊಳ್ಳಬೇಕು. ಚಾಲಕನ ಬಾಗಿಲಿನ ಕಂಬದಲ್ಲಿ ಟಯರ್ ಗಾಳಿಯ ಚೀಟಿ ಅಂಟಿಸಿರುತ್ತಾರೆ. ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ.

ಜನವರಿಯಲ್ಲಿ ಹೊರಟಾಗ ಹಿಂದಿನ ಸೀಟಿನಲ್ಲಿ ಒಂದು ಕಡೆ ನಾನು, ಇನ್ನೊಂದು ಕಡೆ ಉಮ್ಮ. ನಡುವೆ ಏನೂ ಇರಲಿಲ್ಲ. ಮಾವಿನ ಉಪ್ಪಿನಕಾಯಿ ಬಾಟಲಿಯನ್ನು ಬಕೆಟ್ಟಿನೊಳಗೆ ಇಡುವ ಎಂದರೆ ಉಮ್ಮ ಕೇಳಲಿಲ್ಲ, ಮೈಸೂರಿನವರೆಗೂ ಮಡಿಲಲ್ಲೇ ಹಿಡಿದು ಕೂತರು. ಹಾಸ್ಟೆಲಿನಲ್ಲಿ ಮೊದಲು ನಲ್ಲಿ ತಿರುಗಿಸಿ ನೋಡಿದರು, ಆಮೇಲೆ ಕಿಟಕಿಯ ಚಿಲಕ, ಆಮೇಲೆ ಅಕ್ಕನ ಪಕ್ಕದ ಮಂಚದ ಹುಡುಗಿಯ ಹೆಸರು, ಊರು ಕೇಳಿದರು.

ವಾಪಸ್ ಬರುವಾಗ ಡಿಕ್ಕಿ ಖಾಲಿ. ಕುಶಾಲನಗರದಲ್ಲಿ ಉಮ್ಮ ಒಂದು ಚೀಲ ಕಿತ್ತಳೆ ಕೊಂಡರು. ನಾನು ಎತ್ತಿ ಡಿಕ್ಕಿಗೆ ಹಾಕುವಷ್ಟರಲ್ಲಿ ಸೀಟಿನಿಂದಲೇ ಕೂಗಿದರು: "ಕೇಬಲ್ ಅಡಿಗೆ ಹಾಕಬೇಡ ಮತ್ತೆ!"