ಭಜನೆಯ ಪದ, ಬಯಲಿನ ರಾಕ್: ರಘು ದೀಕ್ಷಿತ್ ಪ್ರಾಜೆಕ್ಟಿನ ದಾರಿ

ಏಕತಾರಿ, ದಮ್ಮಡಿ, ತಾಳ ಇಷ್ಟಿದ್ದರೆ ತತ್ವಪದದ ಹಾಡಿಕೆಗೆ ಸಾಕು. ಗುಡಿಯ ಮುಂದೆ ಹತ್ತಿಪ್ಪತ್ತು ಜನ ಕುಳಿತು ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಹಿಡಿದು ಹಾಡುತ್ತಾರೆ. ರಾಕ್ ಸಂಗೀತಕ್ಕೆ ಬೇಕಾದದ್ದು ವಿದ್ಯುತ್ ಗಿಟಾರು, ಡ್ರಮ್ಸ್, ಎತ್ತರದ ಧ್ವನಿವರ್ಧಕಗಳು ಮತ್ತು ಎದುರಿಗೆ ಸಾವಿರಾರು ಜನ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಪರಂಪರೆಗಳನ್ನು ಕೂಡಿಸಿ ದೇಶವಿದೇಶಗಳ ದೊಡ್ಡ ವೇದಿಕೆಗಳನ್ನೇರಿದ ಕನ್ನಡದ ತಂಡ 'ರಘು ದೀಕ್ಷಿತ್ ಪ್ರಾಜೆಕ್ಟ್'. ತತ್ವಪದವನ್ನು ಪಠ್ಯವಾಗಿ ಅಭ್ಯಸಿಸುವವರಿಗೆ ಈ ತಂಡದ ನಡೆ ಒಂದು ಪ್ರಶ್ನೆಯನ್ನು ಎದುರಿಗಿಡುತ್ತದೆ. ಪದವು ಗುಡಿಯಂಗಳದಿಂದ ಬಯಲಿಗೆ ಬಂದಾಗ ಉಳಿಯುವುದೇನು, ಕಳೆಯುವುದೇನು?

ಮೊದಲು ಬಯಲಿನ ರಾಕ್ ಎಂದರೇನೆಂಬುದನ್ನು ತಿಳಿಯಬೇಕು. 1970ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ರಾಕ್ ತಂಡಗಳು ಸಣ್ಣ ಸಭಾಂಗಣಗಳನ್ನು ಬಿಟ್ಟು ಕ್ರೀಡಾಂಗಣಗಳಲ್ಲಿ ಹಾಡತೊಡಗಿದವು. ಸ್ಥಳ ಹಿರಿದಾದಾಗ ಹಾಡಿನ ರಚನೆಯೂ ಬದಲಾಯಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ವೇದಿಕೆಯ ಧ್ವನಿವರ್ಧಕದಿಂದ ನೂರು ಮೀಟರು ಹಿಂದೆ ನಿಂತವನಿಗೆ ಸ್ವರವು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಇಂಥಲ್ಲಿ ಸೂಕ್ಷ್ಮವಾದ ಗಮಕ, ಚುರುಕಾದ ಲಯವಿನ್ಯಾಸ ಕಲಸಿಹೋಗುತ್ತವೆ. ನಿಲ್ಲುವುದು ಗಟ್ಟಿಯಾದ ಲಯ, ಮರಳಿ ಮರಳಿ ಬರುವ ಚಿಕ್ಕ ಸಾಲು ಮತ್ತು ಜನರೇ ಸೇರಿ ಹಾಡಬಲ್ಲ ಪಲ್ಲವಿ. ಇಂಗ್ಲೆಂಡಿನ ಕ್ವೀನ್ ತಂಡವು 1977ರಲ್ಲಿ ಎರಡು ಸಲ ಕಾಲು ಬಡಿದು ಒಮ್ಮೆ ಚಪ್ಪಾಳೆ ತಟ್ಟುವ ಲಯದ ಮೇಲೆ ಒಂದು ಹಾಡನ್ನೇ ಕಟ್ಟಿತು. ಅಲ್ಲಿ ಕೇಳುಗನು ಬರಿಯ ಕೇಳುಗನಲ್ಲ, ಮೇಳದವನು.

ಈ ಬಗೆಯ ರಾಕ್ ಕನ್ನಡನಾಡಿಗೆ ಬಂದಾಗ ಅದರ ಮುಖ್ಯ ನೆಲೆಯಾದದ್ದು ಬೆಂಗಳೂರಿನ ಅರಮನೆ ಮೈದಾನ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅಲ್ಲಿ ಹಾಡಿದವು. ಇವುಗಳ ನಡುವೆ, 2005ರ ಏಪ್ರಿಲಿನಲ್ಲಿ, ಅದೇ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆಯಿತು. ಗಿಟಾರಿನ ಅಬ್ಬರವಿಲ್ಲದ, ಭಾವಗೀತೆ ಮತ್ತು ತತ್ವಪದಗಳ ಆ ಸಂಜೆಗೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ಪ್ರಸಿದ್ಧಿ. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಲನಚಿತ್ರಕ್ಕೆ ಸಂಗೀತವಿತ್ತ ಅಶ್ವತ್ಥರು, ಶರೀಫರ ಪದಗಳನ್ನು ಎತ್ತರದ ಕಂಠದಲ್ಲಿ ಹಾಡಿ ಮನೆಮನೆಗೆ ತಲುಪಿಸಿದ್ದರು. ಕನ್ನಡದ ಪದವೊಂದು ಬಯಲನ್ನು ತುಂಬಬಲ್ಲದೆಂಬುದು ಹೀಗೆ ರಾಕ್ ತಂಡಗಳಿಗಿಂತ ಮೊದಲೇ ಸಿದ್ಧವಾಗಿತ್ತು.

ರಘು ದೀಕ್ಷಿತರು ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಿಟಾರು ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ. ಮೊದಲು ಅವರು ಕಟ್ಟಿದ ತಂಡದ ಹೆಸರು 'ಅಂತರಾಗ್ನಿ'. ಅದು ಚದುರಿದ ಮೇಲೆ ರೂಪುಗೊಂಡದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್'. ಬೇರೆ ಬೇರೆ ಬಗೆಯ ವಾದಕರು ಬಂದು ಸೇರಬಹುದಾದ, ಬೇಕೆಂದಾಗ ಹೊರಡಬಹುದಾದ ತೆರೆದ ಮನೆಯಂತೆ ತಂಡವಿರಬೇಕೆಂಬುದು ಆ ಹೆಸರಿನ ಹಿಂದಿನ ಆಶಯ. ನಮ್ಮ ಕಡೆಯ ಭಜನಾ ಮೇಳಗಳೂ ಹೀಗೆಯೇ ಅಲ್ಲವೇ? ತಾಳ ಹಿಡಿಯುವ ಕೈ ಬದಲಾಗುತ್ತದೆ; ಮೇಳ ಮುಂದುವರಿಯುತ್ತದೆ.

ಮೊದಲ ಧ್ವನಿಮುದ್ರಿಕೆಗೆ ಬಹುಕಾಲ ಕಾಯಬೇಕಾಯಿತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬೆರೆತ, ಚಲನಚಿತ್ರದ್ದಲ್ಲದ ಹಾಡುಗಳಿಗೆ ಮಾರುಕಟ್ಟೆಯಲ್ಲಿ ಸುಲಭದ ಸ್ಥಾನವಿರಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ 2008ರಲ್ಲಿ ಅದು ಹೊರಬಂದಿತು. ಅದರಲ್ಲಿ ಶರೀಫರ ಎರಡು ಪದಗಳಿದ್ದವು. ಅದೇ ವರ್ಷ 'ಸೈಕೋ' ಕನ್ನಡ ಚಿತ್ರದ ಸಂಗೀತವೂ ಜನಪ್ರಿಯವಾಯಿತು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಉತ್ತಮ ಹೊಸ ಕಲಾವಿದ ಪ್ರಶಸ್ತಿ ಬಂದಿತು. ಗ್ಲಾಸ್ಟನ್‌ಬರಿಯ ಪ್ರಸಿದ್ಧ ಬಯಲು ಉತ್ಸವದಲ್ಲಿ ಹಾಡುವ ಅವಕಾಶವೂ ದೊರೆಯಿತು. 2013ರಲ್ಲಿ ಎರಡನೆಯ ಮುದ್ರಿಕೆ 'ಜಗ್ ಚಂಗಾ' ಬಂದಾಗ ಅಲ್ಲಿಯೂ ಶರೀಫರಿದ್ದರು. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಕುಣಿಯುತ್ತ ಹಾಡುವ ರೂಪ ತಂಡದ ಗುರುತಾಯಿತು.

ಕನ್ನಡದ ಒಂದಕ್ಷರವೂ ಬಾರದ ಜನ ಇದನ್ನು ಒಪ್ಪಿದ್ದು ಹೇಗೆ? ಉತ್ತರದ ಒಂದು ಭಾಗ ಪದದ ರಚನೆಯಲ್ಲಿಯೇ ಇದೆ. ತತ್ವಪದಕ್ಕೆ ಪಲ್ಲವಿ ಪ್ರಾಣ. ಅದು ಚಿಕ್ಕದು, ಪ್ರಾಸಬದ್ಧ, ಒಮ್ಮೆ ಕೇಳಿದರೆ ನಾಲಿಗೆಗೆ ಹತ್ತುವಂಥದು. ಪ್ರತಿ ಚರಣದ ಕೊನೆಗೆ ಅದು ಮರಳುತ್ತದೆ. ಮರಳಿದಾಗಲೆಲ್ಲ ಮೇಳವು ಎತ್ತಿಕೊಳ್ಳುತ್ತದೆ. ಲಯ ಸರಳ, ತಾಳ, ದಮ್ಮಡಿಗಳೇ ಅದನ್ನು ಕಾಯುತ್ತವೆ. ದೊಡ್ಡ ಬಯಲಿಗಾಗಿ ರಾಕ್ ಸಂಗೀತ ಕಂಡುಕೊಂಡ ಗುಣಗಳೆಲ್ಲ ಭಜನೆಯ ಪದದಲ್ಲಿ ಮೊದಲೇ ಇದ್ದವು. ಡ್ರಮ್ಸ್ ದಮ್ಮಡಿಯ ಸ್ಥಾನಕ್ಕೆ ಬಂತು, ಬಾಸ್ ಗಿಟಾರು ಏಕತಾರಿಯ ಶ್ರುತಿಯ ಸ್ಥಾನಕ್ಕೆ ಬಂತು. ಪದದ ಕಟ್ಟು ಮುರಿಯಲಿಲ್ಲ. ಹಾಗಾಗಿ ತಂಡದ ಯಶಸ್ಸನ್ನು ಹಳೆಯ ಪದಕ್ಕೆ ಹೊಸ ವೇಷ ತೊಡಿಸಿದ ಜಾಣ್ಮೆಯೆಂದಷ್ಟೇ ತಿಳಿದರೆ ಪದದ ಶಕ್ತಿಗೆ ಅನ್ಯಾಯವಾದೀತು.

ಆದರೆ ಕಳೆಯುವುದೂ ಉಂಟು. ಮೊದಲ ಮುದ್ರಿಕೆಯಲ್ಲಿರುವ, ಗುಡುಗುಡಿ ಸೇದುವುದನ್ನು ಕುರಿತ ಶರೀಫರ ಪದವನ್ನೇ ನೋಡಬಹುದು. ಪಲ್ಲವಿಯನ್ನಷ್ಟೇ ಹಿಡಿದವನಿಗೆ ಅದು ಹೊಗೆಯ ಮೋಜಿನ ಹಾಡು. ಚರಣಗಳಲ್ಲಿ ಮನಸ್ಸೇ ಬಿಚ್ಚಬೇಕಾದ ಸಂಚಿ, ಮೋಹವೇ ಕೊಚ್ಚಬೇಕಾದ ಭಂಗಿ, ಬುದ್ಧಿಯೇ ಬೆಂಕಿ. ಸೇದುವವನ ಸಾಮಗ್ರಿಗಳು ಒಂದೊಂದಾಗಿ ಸಾಧಕನ ಸಾಮಗ್ರಿಗಳಾಗಿ, ಕೊನೆಗೆ ಸುಡುವುದು ಅವನ ಮೋಹವೇ ಆಗುತ್ತದೆ. ಈ ರೂಪಕವು ಒಂದರ ಮೇಲೊಂದು ಚರಣದಲ್ಲಿ ಬೆಳೆಯುವಂಥದು. ಗುರು ಗೋವಿಂದ ಭಟ್ಟರಿಂದ ಉಪದೇಶ ಪಡೆದ ಶರೀಫರು (1819–1889) 'ಶಿಶುನಾಳಾಧೀಶ' ಎಂಬ ಅಂಕಿತದಿಂದ ಪದಗಳನ್ನು ಮುಗಿಸುತ್ತಾರೆ. ಆಡುನುಡಿಯ ಚೇಷ್ಟೆಯೆಲ್ಲ ಆ ಅಂಕಿತದಲ್ಲಿ ತನ್ನ ನೆಲೆಗೆ ಬಂದು ನಿಲ್ಲುತ್ತದೆ. ಗುಡಿಯಂಗಳದಲ್ಲಿ ಪದ ಮುಗಿದ ಮೇಲೆ ಹಿರಿಯರೊಬ್ಬರು ಅರ್ಥ ಬಿಡಿಸಿ ಹೇಳುವ ವಾಡಿಕೆಯುಂಟು. ಮೈದಾನದಲ್ಲಿ ಅದಕ್ಕೆ ಎಡೆಯಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಮುಂದಿನ ಹಾಡಿನ ಡ್ರಮ್ಸ್ ಮೊದಲಾಗಿರುತ್ತದೆ. ಲಯ ಎಲ್ಲರಿಗೂ ತಲುಪುತ್ತದೆ, ಅರ್ಥ ಕೆಲವರಲ್ಲಿ ಮಾತ್ರ ಉಳಿಯುತ್ತದೆ.

ಅಮರಾಪುರ, ಮಡಕಶಿರಾ, ರಾಯದುರ್ಗಗಳ ಗಡಿಸೀಮೆಗೆ ಈ ವಿಷಯ ದೂರದ್ದಲ್ಲ. ಅಮರಾಪುರದ ಬಳಿಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಆಡಳಿತದ ಭಾಷೆ ತೆಲುಗಾದ ಈ ನೆಲದಲ್ಲಿ ಇಂದಿಗೂ ಕನ್ನಡ ಮನೆಮಾತಾಗಿದೆ. ಗಡಿಯಲ್ಲಿ ಪದಗಳು ಎಂದೂ ಒಂದೇ ಭಾಷೆಯಲ್ಲಿ ನಿಂತಿಲ್ಲ. ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದ ಕಟ್ಟಿದರು. ಒಂದು ಭಾಷೆ ಬಾರದವರೂ ಇನ್ನೊಂದರ ಪಲ್ಲವಿಗೆ ದನಿಗೂಡಿಸುತ್ತಾರೆ. ಗ್ಲಾಸ್ಟನ್‌ಬರಿಯ ಬಯಲಿನಲ್ಲಿ ನಡೆದದ್ದು ಇದರದೇ ಹಿರಿದಾದ ರೂಪ. ಅಲ್ಲಿ ಹಾಡಲು ತಂಡವು ಕನ್ನಡವನ್ನು ಬಿಡಲಿಲ್ಲವೆಂಬುದು ಇಲ್ಲಿಯ ವಿದ್ಯಾರ್ಥಿಗಳು ಮನದಲ್ಲಿಡಬೇಕಾದ ಮಾತು. ಆಡುವವರ ಸಂಖ್ಯೆ ಕಡಮೆಯೆಂದು ಭಾಷೆಯನ್ನು ಮರೆಮಾಚಬೇಕಾಗಿಲ್ಲ.

ಕನ್ನಡವನ್ನು ಐಚ್ಛಿಕವಾಗಿ ಓದುವವರ ಹೊಣೆಯೂ ಇಲ್ಲಿಯೇ ತಿಳಿಯುತ್ತದೆ. ಪಲ್ಲವಿಯನ್ನು ಬಯಲಿಗೆ ಮುಟ್ಟಿಸಲು ಗಾಯಕರಿದ್ದಾರೆ, ಯಂತ್ರಗಳಿವೆ. ಚರಣಗಳನ್ನು ಉಳಿಸಿಕೊಳ್ಳಲು ಪಾಠಾಂತರಗಳನ್ನು ಹೋಲಿಸುವವರು, ರೂಪಕವನ್ನು ಬಿಡಿಸುವವರು, ಊರ ಭಜನೆಯ ಹಿರಿಯರು ಬಲ್ಲ ಪದವನ್ನು ಅಂಕಿತಸಹಿತವಾಗಿ ಬರೆದಿಡುವವರು ಬೇಕು. ಮುದ್ರಿಕೆಯಲ್ಲಿ ಕೇಳಿದ ಪದವನ್ನು ಪುಸ್ತಕದ ಪಾಠದೊಡನೆ, ಊರಿನ ಹಾಡಿಕೆಯೊಡನೆ ಇಟ್ಟು ನೋಡುವುದು ಆ ಕೆಲಸದ ಮೊದಲ ಹೆಜ್ಜೆ.