ಚಿನ್ನದ ಗಣಿಯಲ್ಲಿ ವಿಶ್ವಕಿರಣ: ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಚರಿತ್ರೆಯಲ್ಲಿ ಕೋಲಾರದ ಸ್ಥಾನ

ಒಂದು ಸಂಶೋಧನ ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವನ ಕೈಗೆ ಮೊದಲು ಸಿಕ್ಕುವುವು ಸ್ಥಾಪಕರ ಪತ್ರಗಳು, ಸರ್ಕಾರದ ಒಡಂಬಡಿಕೆಗಳು, ಕಟ್ಟಡದ ಅಸ್ತಿಭಾರ ಶಿಲೆಗಳು. ಇವುಗಳಿಂದ ಸಂಸ್ಥೆ ಹೇಗೆ ಹುಟ್ಟಿತೆಂಬುದು ತಿಳಿಯುತ್ತದೆ. ಅದರ ಕೆಲಸ ಯಾವುದರ ಆಸರೆಯಿಂದ ನಡೆಯಿತೆಂಬುದು ಅನೇಕ ವೇಳೆ ತಿಳಿಯುವುದಿಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಸೌಧವಿರುವುದು ಮುಂಬಯಿಯ ಕೊಲಾಬಾದಲ್ಲಿ, ಸಮುದ್ರದ ತಡಿಯಲ್ಲಿ. ಆದರೆ ಅದಕ್ಕೆ ಜಗತ್ತಿನ ಭೌತವಿಜ್ಞಾನದಲ್ಲಿ ಸ್ಥಿರವಾದ ಹೆಸರನ್ನು ತಂದ ಕಾರ್ಯಗಳಲ್ಲೊಂದು ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ.

ಸಂಸ್ಥೆಯ ಬೀಜ ಮೊಳೆತದ್ದು ಬೆಂಗಳೂರಿನಲ್ಲಿ. ಕೇಂಬ್ರಿಜ್ಜಿನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲಾಗದೆ ಅವರು ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಸರ್ ಸಿ. ವಿ. ರಾಮನ್ ಅವರು ಭೌತವಿಜ್ಞಾನ ವಿಭಾಗದಲ್ಲಿದ್ದ ಕಾಲ ಅದು. ಅಲ್ಲಿ ವಿಶ್ವಕಿರಣಗಳ ಸಂಶೋಧನೆಗಾಗಿ ಒಂದು ಘಟಕ ಏರ್ಪಟ್ಟಿತು. 1944ರ ಮಾರ್ಚ್ 12ರಂದು ಭಾಭಾ ಸರ್ ದೊರಾಬ್ಜಿ ಟಾಟಾ ನಿಧಿಯ ಅಧ್ಯಕ್ಷರಿಗೆ ಪತ್ರ ಬರೆದು, ಮೂಲಭೂತ ಭೌತವಿಜ್ಞಾನಕ್ಕೆ ಮೀಸಲಾದ ಸಂಶೋಧನ ಕೇಂದ್ರವೊಂದು ದೇಶಕ್ಕೆ ಅವಶ್ಯವೆಂದು ಪ್ರತಿಪಾದಿಸಿದರು. 1945ರ ಜೂನಿನಲ್ಲಿ ಬೆಂಗಳೂರಿನಲ್ಲೇ ಕೆಲಸ ಆರಂಭಿಸಿದ ಸಂಸ್ಥೆ ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೆ ಹೋಯಿತು. ಮೊದಲು ಪೆಡರ್ ರಸ್ತೆಯ ಒಂದು ಬಂಗಲೆ, 1949ರಿಂದ ಹಳೆಯ ಯಾಟ್ ಕ್ಲಬ್ಬಿನ ಕಟ್ಟಡ, ಕೊನೆಗೆ 1962ರ ಜನವರಿಯಲ್ಲಿ ನೆಹರೂ ಅವರು ಉದ್ಘಾಟಿಸಿದ ಕೊಲಾಬಾದ ಸೌಧ, ಇವು ಅದರ ನಿವಾಸಗಳು. ಗಣಿತ, ಪರಮಾಣು ಬೀಜವಿಜ್ಞಾನ, ಗಣಕಯಂತ್ರ, ರೇಡಿಯೋ ಖಗೋಳವಿಜ್ಞಾನ ಮೊದಲಾದ ಶಾಖೆಗಳು ಕಾಲಕ್ರಮದಲ್ಲಿ ಬೆಳೆದವು. ಆದರೆ ಮೊದಲಿನಿಂದ ಜೊತೆಗೆ ಬಂದ ವಿಷಯ ವಿಶ್ವಕಿರಣಗಳದ್ದು.

ಆಕಾಶವನ್ನು ಪರೀಕ್ಷಿಸುವವರಿಗೆ ಪಾತಾಳವೇಕೆ ಬೇಕಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾಯುಮಂಡಲದ ಪರಮಾಣುಗಳಿಗೆ ಬಡಿದಾಗ ಅನೇಕ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು ಮ್ಯೂಆನ್, ಇದು ಬಂಡೆಯನ್ನು ಬಹುದೂರ ಭೇದಿಸಬಲ್ಲದು, ಆದರೆ ಕ್ರಮೇಣ ಶಕ್ತಿಗುಂದಿ ನಿಲ್ಲುತ್ತದೆ. ಇನ್ನೊಂದು ನ್ಯೂಟ್ರಿನೊ, ಇದಕ್ಕೆ ವಿದ್ಯುದಾವೇಶವಿಲ್ಲ, ಇಡೀ ಭೂಗೋಳವನ್ನೇ ತೂರಿಹೋದರೂ ಬಹುಮಟ್ಟಿಗೆ ಯಾವುದಕ್ಕೂ ತಾಕುವುದಿಲ್ಲ. ಎಲ್ಲೋ ಅಪರೂಪಕ್ಕೊಮ್ಮೆ ಒಂದು ನ್ಯೂಟ್ರಿನೊ ಬಂಡೆಯ ಪರಮಾಣುವಿಗೆ ತಾಕಿ ಅಲ್ಲಿ ಮ್ಯೂಆನನ್ನು ಹುಟ್ಟಿಸುತ್ತದೆ. ನೆಲದ ಮೇಲೆ ನಿಂತವನಿಗೆ ಈ ಒಂದು ಮ್ಯೂಆನನ್ನು ಮೇಲಿನಿಂದ ಸುರಿಯುವ ಅಸಂಖ್ಯ ಮ್ಯೂಆನುಗಳಿಂದ ಬೇರ್ಪಡಿಸುವುದು ಅಸಾಧ್ಯ. ಆದುದರಿಂದ ಆ ಮಳೆಯನ್ನು ತಡೆಯುವಷ್ಟು ದಪ್ಪನಾದ ಬಂಡೆಯ ಮಾಡು ಬೇಕು.

ಅಂಥ ಮಾಡು ಕೋಲಾರದಲ್ಲಿ ಮೊದಲೇ ಸಿದ್ಧವಾಗಿತ್ತು. ಅದನ್ನು ಸಿದ್ಧಪಡಿಸಿದವರು ವಿಜ್ಞಾನಿಗಳಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ತಮಿಳು, ತೆಲುಗು ಸೀಮೆಗಳಿಂದ ಬಂದು ನೆಲಸಿದ ಸಹಸ್ರಾರು ಕಾರ್ಮಿಕರು ಚಿನ್ನದ ಎಳೆಯನ್ನು ಹಿಂಬಾಲಿಸಿ ನೆಲವನ್ನು ಅಗೆಯುತ್ತ ಹೋದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೇ. ಚಾಂಪಿಯನ್ ರೀಫ್ ಗಣಿ ಕಡೆಗೆ ಮೂರು ಕಿಲೊಮೀಟರನ್ನು ಮೀರಿ ಇಳಿಯಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚು. ಬಂಡೆ ಒತ್ತಡದಿಂದ ತಾನಾಗಿಯೇ ಸಿಡಿದು ಪ್ರಾಣಹಾನಿಯಾದ ಸಂದರ್ಭಗಳು ಹಲವು.

1950ರ ದಶಕದ ಆರಂಭದಲ್ಲಿ ಭಾಭಾ ಅವರ ಸೂಚನೆಯಂತೆ ಗಣಿಗೆ ಇಳಿದವರು ನಂಜನಗೂಡಿನ ಕಡೆಯವರಾದ ತರುಣ ವಿಜ್ಞಾನಿ ಬಿ. ವಿ. ಶ್ರೀಕಂಠನ್, ಮುಂದೆ 1975ರಿಂದ 1987ರವರೆಗೆ ಅವರೇ ಸಂಸ್ಥೆಯ ನಿರ್ದೇಶಕರಾದರು. ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳು ಹೇಗೆ ಕಡಮೆಯಾಗುತ್ತವೆಂಬುದನ್ನು ಅಳೆಯುವುದು ಆಗಿನ ಉದ್ದೇಶ. ಈ ಅಳತೆಯನ್ನು ಮುಂದುವರಿಸಿ 1960ರ ದಶಕದ ಆದಿಯಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಇವರು ಸುಮಾರು 2.7 ಕಿಲೊಮೀಟರ್ ಆಳಕ್ಕೆ ಹೋದಾಗ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಕಾಣಲಿಲ್ಲ. ಏನೂ ಕಾಣದ ಈ ಫಲಿತಾಂಶವೇ ಮಹತ್ತ್ವದ್ದಾಯಿತು: ನ್ಯೂಟ್ರಿನೊವನ್ನು ಅರಸಲು ಬೇಕಾದ ನಿಶ್ಶಬ್ದ ಅಲ್ಲಿ ದೊರೆಯಿತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಇವು ಮೂರೂ ಕೂಡಿ ಸುಮಾರು 2.3 ಕಿಲೊಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿದವು. ಅವುಗಳ ವಿನ್ಯಾಸದ ತರ್ಕ ಸರಳವಾದುದು. ನೆತ್ತಿಯ ಮೇಲಿನಿಂದ ಇಳಿಯುವ ಮ್ಯೂಆನಿಗೆ ಎದುರಾಗುವ ಬಂಡೆ ಎರಡು ಕಿಲೊಮೀಟರಾದರೆ, ಓರೆಯಾಗಿ ಬರುವುದಕ್ಕೆ ಅದರ ಹಲವು ಪಟ್ಟು. ಆದುದರಿಂದ ಪಕ್ಕದಿಂದ, ಅಡ್ಡಡ್ಡಲಾಗಿ ಬಂದ ಮ್ಯೂಆನ್ ಆಕಾಶದಿಂದ ಇಳಿದು ಬಂದುದಾಗಿರಲಾರದು. ಸಮೀಪದ ಬಂಡೆಯಲ್ಲಿ ನ್ಯೂಟ್ರಿನೊವಿನಿಂದ ಹುಟ್ಟಿದ್ದೇ ಆಗಿರಬೇಕು. ಇಂಥ ಕೆಲವೇ ಗುರುತುಗಳು ದೊರೆತವು. 1965ರ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಅವುಗಳ ವರದಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಕೆಲಸಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡದ ವರದಿ ಅದೇ ತಿಂಗಳ 30ರಂದು ಪ್ರಕಟವಾಯಿತು. ಆ ತಂಡಕ್ಕೆ ಮೊದಲ ಗುರುತು ಫೆಬ್ರವರಿಯಲ್ಲೇ ದೊರೆತಿದ್ದುದರಿಂದ, ಪ್ರಕಟಣೆಯಲ್ಲಿ ಕೋಲಾರ ಮುಂದೆಂದೂ ವಾಯುಮಂಡಲದ ನ್ಯೂಟ್ರಿನೊವನ್ನು ಕಂಡ ಕೀರ್ತಿ ಇಬ್ಬರದೂ ಎಂದೂ ಹೇಳುವುದು ನ್ಯಾಯ.

ಅನಂತರ 1980ರಲ್ಲಿ, ಪ್ರೋಟಾನ್ ಎಂದಾದರೂ ಕ್ಷಯಿಸುವುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು 140 ಟನ್ ತೂಕದ ಉಪಕರಣವನ್ನು ಗಣಿಯಲ್ಲಿ ಸ್ಥಾಪಿಸಲಾಯಿತು. ಕ್ಷಯದ ಲಕ್ಷಣಗಳೆಂದು ವರದಿಯಾದ ಕೆಲವು ಘಟನೆಗಳು ಬೇರೆ ದೇಶಗಳ ಇನ್ನೂ ದೊಡ್ಡ ಉಪಕರಣಗಳಲ್ಲಿ ದೃಢಪಡಲಿಲ್ಲ. ಅಷ್ಟರಲ್ಲಿ ಗಣಿಯ ಆದಾಯ ಕ್ಷೀಣಿಸುತ್ತ ಬಂದಿತ್ತು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ನೀರೆತ್ತುವ ಯಂತ್ರಗಳು ನಿಂತಮೇಲೆ ಸುರಂಗಗಳಲ್ಲಿ ನೀರು ತುಂಬಿತು.

ಈ ನಡುವೆ 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆಯ ವಿಜ್ಞಾನಿಗಳು, ಕೋಲಾರದಲ್ಲಿ ಕಂಡ ಅದೇ ಬಗೆಯ ವಾಯುಮಂಡಲ ನ್ಯೂಟ್ರಿನೊಗಳನ್ನು ಪರೀಕ್ಷಿಸಿ, ಅವು ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆ, ಅವುಗಳಿಗೆ ದ್ರವ್ಯರಾಶಿಯುಂಟು ಎಂದು ತೋರಿಸಿದರು. ಆ ಪ್ರಯೋಗಶಾಲೆಯೂ ಒಂದು ಗಣಿಯಲ್ಲೇ ಇದೆ. ನಮ್ಮಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ಹೊಸ ಭೂಗರ್ಭ ವೀಕ್ಷಣಾಲಯವೊಂದಕ್ಕೆ 2015ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತರೂ, ಸ್ಥಳೀಯರ ಮತ್ತು ಆ ರಾಜ್ಯ ಸರ್ಕಾರದ ವಿರೋಧವನ್ನು ಅದು ಎದುರಿಸಬೇಕಾಯಿತು.

ಇದರಿಂದ ಚರಿತ್ರೆಯ ವಿದ್ಯಾರ್ಥಿ ಗ್ರಹಿಸಬೇಕಾದದ್ದು ಇಷ್ಟು. ಭಾಭಾ ಅವರ ದೂರದೃಷ್ಟಿ, ಟಾಟಾ ನಿಧಿಯ ಔದಾರ್ಯ, ಸರ್ಕಾರದ ಆಶ್ರಯ ಇವಿಲ್ಲದೆ ಸಂಸ್ಥೆ ಹುಟ್ಟುತ್ತಿರಲಿಲ್ಲ. ಆದರೆ ಸಂಸ್ಥೆ ತಾನು ಅಗೆಯದ ಬಾವಿಯಲ್ಲಿ, ತಾನು ನಡಸದ ಎತ್ತುಯಂತ್ರದಲ್ಲಿ ಇಳಿದು ಈ ಕೆಲಸವನ್ನು ಸಾಧಿಸಿತು. ಆ ಬಾವಿಯ ಜೀವ ಚಿನ್ನದ ಬೆಲೆಯನ್ನು ಅವಲಂಬಿಸಿತ್ತು. 1965ರ ಆ ವರದಿಯ ತಲೆಯಲ್ಲಿ ಹನ್ನೊಂದು ವಿಜ್ಞಾನಿಗಳ ಹೆಸರುಗಳಿವೆ, ಅದು ಯುಕ್ತವೇ. ಆದರೆ ಆ ಸಾಧನೆಯ ಚರಿತ್ರೆಯನ್ನು ಪೂರ್ಣವಾಗಿ ಬರೆಯಬೇಕೆನ್ನುವವನು ಮುಂಬಯಿಯ ಕಡತಗಳೊಂದಿಗೆ ಗಣಿಯ ಹಾಜರಿ ಪಟ್ಟಿಗಳನ್ನೂ ಅಪಘಾತಗಳ ದಾಖಲೆಗಳನ್ನೂ ಓದಬೇಕು. ಕೋಲಾರದ ಊರುಗಳಲ್ಲಿ ಆ ಆಳಕ್ಕೆ ಇಳಿದವರ ನೆನಪುಗಳು ಉಳಿದಿರುವಾಗಲೇ ಅವನ್ನು ಸಂಗ್ರಹಿಸುವುದು ನಮ್ಮ ಕಾಲೇಜುಗಳ ಚರಿತ್ರೆಯ ವಿಭಾಗಗಳಿಗೆ ಯೋಗ್ಯವಾದ ಕಾರ್ಯ.