ಕಣ್ಣು ಕಾಣದವರ ಮಾಸಾಶನ: ಯಾರಿಗೆ ಸಿಗುತ್ತದೆ, ಹೇಗೆ ಸಿಗುತ್ತದೆ?



ಇವತ್ತು ಬೀಜ-ಗೊಬ್ಬರದ ಮಾತು ಸ್ವಲ್ಪ ಬದಿಗಿರಲಿ. ಖಾನಾಪುರದ ಕಡೆ ಹಳ್ಳಿಗಳಿಗೆ ಹೋದಾಗ, ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತ ಹಿರಿಯರೊಬ್ಬರು ಸಿಗುತ್ತಾರೆ. “ಯಾರಪಾ ಅಂವಾ?” ಎಂದು ಕೇಳಿ, ದನಿಯಿಂದಲೇ ಗುರುತು ಹಿಡಿಯುತ್ತಾರೆ. ಒಂದು ಕಾಲಕ್ಕೆ ಗದ್ದೆಯಲ್ಲಿ ಭತ್ತದ ಸಸಿ ಹಚ್ಚಿದ ಕೈಗಳು ಅವು. ಈಗ ಅಂಗಳ ದಾಟಬೇಕಾದರೂ ಮೊಮ್ಮಗನ ಹೆಗಲು ಬೇಕು. ಇಂಥವರಿಗೆ ಸರ್ಕಾರದಿಂದ ತಿಂಗಳಾ ತಿಂಗಳಾ ಮಾಸಾಶನ ಇದೆ. ನಮ್ಮ ಜನ ಅದಕ್ಕೆ ‘ಅಂಗವಿಕಲರ ಪಗಾರ’ ಎನ್ನುತ್ತಾರೆ.

ಆದರೆ ಅರ್ಜಿ ಹಾಕಿ ಬರಿಗೈಲೆ ತಿರುಗಿ ಬಂದವರಿದ್ದಾರೆ. ಹಕ್ಕು ಇದ್ದೂ ಅರ್ಜಿ ಹಾಕದೆ ಮನೆಯಲ್ಲಿ ಕುಳಿತವರೂ ಇದ್ದಾರೆ. ಎರಡಕ್ಕೂ ಬಹಳ ಸಲ ಕಾರಣ ಒಂದೇ. ಸರ್ಕಾರದ ನಿಯಮವು ಕಣ್ಣನ್ನು ಹೇಗೆ ಅಳೆಯುತ್ತದೆ ಎಂಬುದು ಮನೆಮಂದಿಗೆ ಗೊತ್ತಿರುವದಿಲ್ಲ. ಆದಕಾರಣ ಇವತ್ತು ಆ ಅಳತೆಯನ್ನೇ ಬಿಡಿಸಿ ಹೇಳುತ್ತೇವೆ. ಮನೆಯಲ್ಲಿ ಕಣ್ಣು ಮಂದವಾದವರು ಇದ್ದರೆ ಅವರನ್ನೂ ಹತ್ತಿರ ಕೂಡ್ರಿಸಿಕೊಳ್ಳಿರಿ.

ಮೊದಲು ರೊಕ್ಕದ ಮಾತು. ನಮ್ಮ ರಾಜ್ಯದಲ್ಲಿ ಈ ಮಾಸಾಶನಕ್ಕೆ ಎರಡು ಮೆಟ್ಟಲುಗಳಿವೆ. ಅಂಗವಿಕಲತೆ ನೂರಕ್ಕೆ 40ರಿಂದ 75ರೊಳಗೆ ಇದ್ದವರಿಗೆ ತಿಂಗಳಿಗೆ 800 ರೂಪಾಯಿ. ಇದು ಮೊದಲು 600 ಇತ್ತು. 2021ರ ಜುಲೈಯಲ್ಲಿ ಸಾರಿದ ಏರಿಕೆಯಿಂದ 800 ಆಯಿತು. ನೂರಕ್ಕೆ 75ಕ್ಕಿಂತ ಹೆಚ್ಚು ಇದ್ದವರಿಗೆ ತಿಂಗಳಿಗೆ 1400 ರೂಪಾಯಿ. ನೂರಕ್ಕೆ 40ಕ್ಕಿಂತ ಕಡಿಮೆ ಇದ್ದವರಿಗೆ ಈ ಪಗಾರ ಇಲ್ಲ. ಸರ್ಕಾರದ ಆದೇಶದಿಂದ ಮೊತ್ತ ಬದಲಾಗುತ್ತಿರುತ್ತದೆ. ಅರ್ಜಿ ಕೊಡುವ ದಿವಸ ಕಚೇರಿಯಲ್ಲಿ ಕೇಳಿಕೊಳ್ಳುವದು ಒಳ್ಳೆಯದು.

ಇದಲ್ಲದೆ ಇನ್ನೆರಡು ಶರತ್ತುಗಳಿವೆ. ಅರ್ಜಿದಾರರು ಕರ್ನಾಟಕದಲ್ಲಿ ವಾಸವಾಗಿರಬೇಕು. ಗೋವೆಗೆ ದುಡಿಯಲು ಹೋಗಿ ಅಲ್ಲಿಯೇ ಮನೆ ಮಾಡಿಕೊಂಡವರು ಈ ಮಾತನ್ನು ನೆನಪಿಡಬೇಕು. ಎರಡನೆಯದು, ಕುಟುಂಬದ ವರುಷದ ಆದಾಯ 32,000 ರೂಪಾಯಿಯ ಒಳಗಿರಬೇಕು. ಇದಕ್ಕೆ ಆದಾಯ ಪ್ರಮಾಣಪತ್ರ ಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಣ್ಣಿಗೆ ನೂರಕ್ಕೆ ಇಷ್ಟು ಎಂದು ಹೇಗೆ ಗೊತ್ತುಮಾಡುತ್ತಾರೆ?

ಡಾಕ್ಟರರ ಕೋಣೆಯಲ್ಲಿ ಗೋಡೆಗೆ ಒಂದು ಹಲಗೆ ಇರುತ್ತದೆ. ಅದರ ಮೇಲೆ ದೊಡ್ಡದರಿಂದ ಸಣ್ಣದರ ತನಕ ಅಕ್ಷರಗಳ ಸಾಲು. “ನನಗ ಓದಾಕ ಬರಂಗಿಲ್ರಿ” ಎಂದು ಯಾರೂ ಅಂಜಬೇಕಾಗಿಲ್ಲ. ಅಕ್ಷರ ಬಾರದವರಿಗೆ ಮೂರು ಕಾಲಿನ ಗುರುತು ಇರುವ ಬೇರೆ ಹಲಗೆ ಇದೆ. ಕಾಲುಗಳು ಮೇಲೆ ತಿರುಗಿವೆಯೋ, ಕೆಳಗೋ, ಎಡಕ್ಕೋ, ಬಲಕ್ಕೋ ಎಂಬುದನ್ನು ಕೈಯಿಂದ ತೋರಿಸಿದರೆ ಸಾಕು.

ಅಳತೆಯನ್ನು 6/60 ಅಥವಾ 3/60 ಎಂದು ಬರೆಯುತ್ತಾರೆ. ಇದರ ಅರ್ಥ ಕಠಿಣವಲ್ಲ. ಒಳ್ಳೆಯ ಕಣ್ಣು 60 ಮೀಟರು ದೂರದಿಂದ ಗುರುತಿಸುವ ಅಕ್ಷರವನ್ನು ಈ ಕಣ್ಣು 3 ಮೀಟರು ಹತ್ತಿರ ಬಂದ ಮೇಲೆ ಮಾತ್ರ ಗುರುತಿಸುತ್ತದೆ ಎಂದರೆ ಅದು 3/60. ಅಂದರೆ ಸುಮಾರು ಇನ್ನೂರು ಅಡಿಯಿಂದ ಕಾಣಬೇಕಾದದ್ದು ಹತ್ತು ಅಡಿಯಿಂದ ಕಂಡಂತೆ.

ಇಲ್ಲಿ ಎರಡು ಮಾತು ಚೆನ್ನಾಗಿ ಲಕ್ಷ್ಯದಲ್ಲಿ ಇಡಿರಿ. ಮೊದಲನೆಯದು, ಈ ಅಳತೆ ಚಷ್ಮಾ ಹಾಕಿಸಿದ ಮೇಲಿನದು. ಬರಿಗಣ್ಣಿಗೆ ಕಾಣದೆ ಇದ್ದದ್ದು ಚಷ್ಮಾದಿಂದ ಕಂಡರೆ ಅದು ಕುರುಡು ಎನಿಸುವದಿಲ್ಲ. ಎರಡನೆಯದು, ಲೆಕ್ಕ ಸುರುವಾಗುವದು ಎರಡು ಕಣ್ಣುಗಳಲ್ಲಿ ಹೆಚ್ಚು ಚೆನ್ನಾಗಿರುವ ಕಣ್ಣಿನಿಂದ, ಕೆಟ್ಟ ಕಣ್ಣಿನಿಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ, ಅದರ ಕೆಳಗೆ ಬಂದ ಅಳತೆಯ ನಿಯಮಗಳೂ ಹೀಗೆಯೇ ಹೇಳುತ್ತವೆ.

“ಅಲ್ರೀ ಸಾಹೇಬ್ರ, ಸುಗ್ಗ್ಯಾಗ ಭತ್ತದ ತೆನಿ ಬಡದು ನನ್ನ ಒಂದು ಕಣ್ಣು ಪೂರಾ ಹೋಗೇತಿ. ನನಗ ಪಗಾರ ಬರತೈತೊ ಇಲ್ಲೊ?” ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಕಹಿಯಾದರೂ ನೇರವಾಗಿ ಹೇಳಲೇಬೇಕು. ಉಳಿದ ಕಣ್ಣು 6/18ರಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದರೆ, ಇನ್ನೊಂದು ಕಣ್ಣು ಪೂರ್ಣ ಹೋದರೂ ನಿಯಮದ ಲೆಕ್ಕದಲ್ಲಿ ನೂರಕ್ಕೆ 30 ಮಾತ್ರ. ಪಗಾರಕ್ಕೆ ಬೇಕಾದದ್ದು 40. ಆದ್ದರಿಂದ ಒಂದೇ ಕಣ್ಣು ಹೋದವರಿಗೆ ಈ ಮಾಸಾಶನ ಸಿಗುವದಿಲ್ಲ. ಯಾರಾದರೂ “ಅಷ್ಟು ರೊಕ್ಕ ಕೊಡ್ರಿ, ನಾನು ಮಾಡಿಸಿಕೊಡತೇನಿ” ಎಂದರೆ ನಂಬಬೇಡಿರಿ.

ಉಳಿದ ಲೆಕ್ಕ ಹೀಗಿದೆ. ಚಷ್ಮಾ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣು 6/24ರಿಂದ 6/60ರ ನಡುವೆ ಇದ್ದರೆ, ಇನ್ನೊಂದು ಕಣ್ಣು ಎಷ್ಟು ಕೆಟ್ಟಿದೆ ಎಂಬುದನ್ನು ನೋಡಿ ನೂರಕ್ಕೆ 40, 50 ಅಥವಾ 60 ಎಂದು ಬರೆಯುತ್ತಾರೆ. ಇವರಿಗೆ 800 ರೂಪಾಯಿಯ ಮೆಟ್ಟಲು. ಚೆನ್ನಾಗಿರುವ ಕಣ್ಣು 6/60ಕ್ಕಿಂತ ಕೆಳಗಿಳಿದು 3/60ರ ತನಕ ಇದ್ದರೆ ನೂರಕ್ಕೆ 70. ಜೊತೆಗೆ ಇನ್ನೊಂದು ಕಣ್ಣು 3/60ಕ್ಕಿಂತ ಕೆಳಗಿದ್ದರೆ 80. ಈ 70 ಮತ್ತು 80ರ ನಡುವೆಯೇ 800 ಮತ್ತು 1400 ರೂಪಾಯಿಗಳ ಗಡಿ ಬರುತ್ತದೆ. ಆದ್ದರಿಂದ ಎರಡೂ ಕಣ್ಣುಗಳನ್ನು ಸರಿಯಾಗಿ ಅಳೆಸಿಕೊಳ್ಳಬೇಕು. “ಆ ಕಣ್ಣು ಹ್ಯಾಂಗೂ ಹೋಗೇತಿ, ಅದನ್ನ ಏನು ನೋಡೂದು” ಎನ್ನಬಾರದು.

ಚೆನ್ನಾಗಿರುವ ಕಣ್ಣೇ 3/60ಕ್ಕಿಂತ ಕೆಳಗಿದ್ದರೆ ಕಾಯ್ದೆ ಅದನ್ನು ಕುರುಡು ಎಂದೇ ಕರೆಯುತ್ತದೆ, ನೂರಕ್ಕೆ 90. ಮುಖದ ಹತ್ತಿರ ಕೈ ಆಡಿಸಿದರೆ ಮಾತ್ರ ತಿಳಿಯುವವರಿಗೆ, ಬರೀ ಬೆಳಕು-ಕತ್ತಲೆ ತಿಳಿಯುವವರಿಗೆ, ಏನೂ ಕಾಣದವರಿಗೆ ನೂರಕ್ಕೆ 100. ಇವರೆಲ್ಲರಿಗೂ 1400 ರೂಪಾಯಿಯ ಮೆಟ್ಟಲು.

ಇನ್ನೊಂದು ಬಗೆಯ ದೋಷವೂ ಲೆಕ್ಕಕ್ಕೆ ಬರುತ್ತದೆ. ಕೆಲವರಿಗೆ ಎದುರಿನದು ಕಾಣುತ್ತದೆ, ಆದರೆ ಆಚೆ ಈಚೆ ಕಾಣುವದಿಲ್ಲ. ಕೊಳವೆಯೊಳಗಿಂದ ನೋಡಿದಂತೆ ಇರುತ್ತದೆ. ಬದಿಯಿಂದ ಬರುವ ಎತ್ತು, ಮೋಟಾರು ಗೊತ್ತೇ ಆಗುವದಿಲ್ಲ. “ಅಂವಗ ಕಾಣತೈತಿ, ಸುಮ್ಮನ ನಾಟಕ ಮಾಡತಾನ” ಎಂದು ಮನೆಯವರೇ ಬೈಯುವದುಂಟು. ಇಂಥವರ ನೋಟದ ಹರವನ್ನು ಬೇರೆ ಯಂತ್ರದಿಂದ ಅಳೆಯುತ್ತಾರೆ. ಹರವು 10 ಡಿಗ್ರಿಗಿಂತ ಕಡಿಮೆಯಾದರೆ ಅದೂ ಕುರುಡೇ. ಆದ್ದರಿಂದ ಡಾಕ್ಟರರ ಮುಂದೆ “ಕಾಣಂಗಿಲ್ರಿ” ಎಂದಷ್ಟೇ ಹೇಳದೆ, ಯಾವ ಕಡೆ ಕಾಣುವದಿಲ್ಲ, ಇರುಳು ಹೇಗೆ, ಹಗಲು ಹೇಗೆ ಎಂಬುದನ್ನು ಬಿಡಿಸಿ ಹೇಳಿರಿ.

ಇನ್ನು ಒಂದು ನಾಜೂಕಾದ ಮಾತು. ವಯಸ್ಸಾದವರಲ್ಲಿ ಕಣ್ಣು ಮಂದವಾಗಲು ದೊಡ್ಡ ಕಾರಣ ಕಣ್ಣಿನ ಪೊರೆ. “ಆಪರೇಶನ್ ಮಾಡಿಸಿದರ ಕಣ್ಣು ಬರತಾವು, ಕಣ್ಣು ಬಂದರ ಪಗಾರ ಹೋಗತೈತಿ” ಎಂದು ಲೆಕ್ಕ ಹಾಕಿ ಅತ್ತೆಯನ್ನೋ ಮಾವನನ್ನೋ ಹಾಗೆಯೇ ಕೂಡ್ರಿಸಿದರೆ ಅದು ತಪ್ಪು ಲೆಕ್ಕ. 1976ರಲ್ಲಿ ಸುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಸರ್ಕಾರಿ ದವಾಖಾನೆಗಳಲ್ಲಿ ಪೊರೆಯ ಆಪರೇಶನ್ ರೊಕ್ಕವಿಲ್ಲದೆ ಆಗುತ್ತದೆ. ಮೇಲಾಗಿ, 65 ವರುಷ ತುಂಬಿದ ಬಡ ಸಣ್ಣ ರೈತರಿಗೂ ಕೂಲಿಕಾರರಿಗೂ ಸಂಧ್ಯಾ ಸುರಕ್ಷಾ ಯೋಜನೆಯ 1200 ರೂಪಾಯಿ ಬೇರೆಯೇ ಇದೆ. ಅದಕ್ಕೆ ಕಣ್ಣು ಕಾಣಬಾರದು ಎಂಬ ಶರತ್ತಿಲ್ಲ. ಅಂದರೆ ಅಂಥ ಹಿರಿಯರಿಗೆ ಕಣ್ಣು ಇದ್ದರೆ 1200, ಇಲ್ಲದಿದ್ದರೆ 1400. ತಿಂಗಳಿಗೆ 200 ರೂಪಾಯಿಯ ಸಲುವಾಗಿ ಮೊಮ್ಮಕ್ಕಳ ಮುಖ ಕಾಣದೆ ಇರುವದು ಯಾವ ಬಾಳು? ಮೊದಲು ಕಣ್ಣು, ಆಮೇಲೆ ಪಗಾರ. ಔಷಧದಿಂದಲೂ ಆಪರೇಶನ್ನಿನಿಂದಲೂ ಬಾರದೆ ಉಳಿದ ದೋಷಕ್ಕಾಗಿಯೇ ಈ ಮಾಸಾಶನ ಇರುವದು.

ಈಗ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಕ್ರಮವಾಗಿ ನೋಡೋಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಪ್ರಮಾಣಪತ್ರ ಮೊದಲು, ಪಗಾರದ ಅರ್ಜಿ ಆಮೇಲೆ.

ಅಂಗವಿಕಲತೆಯ ಪ್ರಮಾಣಪತ್ರವನ್ನು 2021ರ ಜೂನ್ 1ರಿಂದ ಗಣಕಯಂತ್ರದ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಗೊತ್ತುಮಾಡಿದೆ. ಇದರ ಜೊತೆಗೆ ಬರುವ ಕಾರ್ಡಿಗೆ ‘ಯು.ಡಿ.ಐ.ಡಿ. ಕಾರ್ಡು’ ಎನ್ನುತ್ತಾರೆ. ನಿಮ್ಮ ಗ್ರಾಮ ಪಂಚಾಯತಿಗೆ ಹೋಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರೆಂದು ಕೇಳಿರಿ. ಜನ ಅವರಿಗೆ ‘ವಿ.ಆರ್.ಡಬ್ಲ್ಯೂ.’ ಎನ್ನುತ್ತಾರೆ. ಅಂಗವಿಕಲರಿಗೆ ನೆರವಾಗುವದೇ ಅವರ ಕೆಲಸ. ಆಧಾರ್ ಕಾರ್ಡು ಮತ್ತು ಫೋಟೋ ಕೊಟ್ಟರೆ ಕಾರ್ಡಿನ ಅರ್ಜಿ ತುಂಬಿಸಲು ಸಹಾಯ ಮಾಡುತ್ತಾರೆ. ತಾಲ್ಲೂಕು ಪಂಚಾಯತಿಯಲ್ಲಿಯೂ ಇದೇ ಕೆಲಸಕ್ಕೆ ಒಬ್ಬರು ಇರುತ್ತಾರೆ.

ಅರ್ಜಿಯ ನಂತರ ಕಣ್ಣಿನ ಅಳತೆ. ಇದನ್ನು ಖಾನಾಪುರದ ತಾಲ್ಲೂಕು ದವಾಖಾನೆಯಲ್ಲಿ ಮೊದಲು ವಿಚಾರಿಸಿರಿ. ಅಲ್ಲಿ ಆಗದ ಪರೀಕ್ಷೆಗೆ ಬೆಳಗಾವಿಯ ಜಿಲ್ಲಾ ದವಾಖಾನೆಗೆ, ಅಂದರೆ ಬಿಮ್ಸ್‌ಗೆ, ಹೋಗಬೇಕಾಗುತ್ತದೆ. ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರು. ಆದರೆ ಜಾಂಬೋಟಿ, ಕಣಕುಂಬಿಯ ಕಾಡಿನ ಹಳ್ಳಿಗಳವರಿಗೆ, ಅದೂ ಮಳೆಗಾಲದಲ್ಲಿ, ಇದು ಇಡೀ ದಿನದ ಕೆಲಸ; ಒಂದು ದಿನದ ಕೂಲಿಯೂ ಹೋಗುತ್ತದೆ. ಆದ್ದರಿಂದ ಕಣ್ಣಿನ ಡಾಕ್ಟರರು ಯಾವ ವಾರ ಪ್ರಮಾಣಪತ್ರದ ಸಲುವಾಗಿ ನೋಡುತ್ತಾರೆ ಎಂಬುದನ್ನು ವಿ.ಆರ್.ಡಬ್ಲ್ಯೂ. ಅವರಿಂದ ಮೊದಲೇ ತಿಳಿದುಕೊಂಡು ಹೊರಡಿರಿ. ಹಿಂದಿನ ಚೀಟಿಗಳು, ಆಪರೇಶನ್ನಿನ ಕಾಗದ, ಹಾಕಿಕೊಳ್ಳುವ ಚಷ್ಮಾ, ಎಲ್ಲವೂ ಕೈಯಲ್ಲಿರಲಿ. ಕರೆದುಕೊಂಡು ಹೋಗುವವರು ಹೆಣ್ಣುಮಕ್ಕಳಾದರೆ, 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೀಟಿನ ಖರ್ಚಿಲ್ಲ. ಆಧಾರ್ ಕಾರ್ಡು ಮರೆಯಬಾರದು ಅಷ್ಟೆ.

ಪ್ರಮಾಣಪತ್ರ ಕೈಗೆ ಬಂದಾಗ ಎರಡು ಸಂಗತಿ ನೋಡಿಕೊಳ್ಳಿರಿ. ನೂರಕ್ಕೆ ಎಷ್ಟು ಎಂದು ಬರೆದಿದೆ? ಅದು ಕಾಯಂ ಪ್ರಮಾಣಪತ್ರವೋ, ಇಲ್ಲವೆ ಇಂಥ ತಾರೀಖಿನ ತನಕ ಎಂಬ ಅವಧಿ ಇದೆಯೋ? ಅವಧಿ ಇದ್ದರೆ ಅದು ಮುಗಿಯುವ ಮುಂಚೆಯೇ ಮತ್ತೊಮ್ಮೆ ಅಳೆಸಬೇಕು.

ಇನ್ನು ಪಗಾರದ ಅರ್ಜಿ. ಇದು ಕಂದಾಯ ಖಾತೆಯ ಕೆಲಸ. ಹಳ್ಳಿಯವರು ತಮ್ಮ ಹೋಬಳಿಯ ನಾಡಕಚೇರಿಗೆ ಅರ್ಜಿ ಕೊಡಬೇಕು. ಹತ್ತಿರದಲ್ಲಿ ಗ್ರಾಮ ಒನ್ ಕೇಂದ್ರವಿದ್ದರೆ ಅಲ್ಲಿಯೂ ಕೇಳಬಹುದು. ಬೆಳಗಾವಿ ಶಹರದವರಿಗೆ ಕರ್ನಾಟಕ ಒನ್ ಕೇಂದ್ರಗಳಿವೆ. ಜೊತೆಗೆ ಬೇಕಾದ ಕಾಗದಗಳು ಇವು: ಆಧಾರ್ ಕಾರ್ಡು, ರೇಶನ್ ಕಾರ್ಡು, ಆದಾಯ ಪ್ರಮಾಣಪತ್ರ, ಅಂಗವಿಕಲತೆಯ ಪ್ರಮಾಣಪತ್ರ ಅಥವಾ ಯು.ಡಿ.ಐ.ಡಿ. ಕಾರ್ಡು, ಬ್ಯಾಂಕು ಇಲ್ಲವೆ ಪೋಸ್ಟಿನ ಪಾಸಬುಕ್ಕು, ಮತ್ತು ಫೋಟೋ. ಇವುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮ್ಮ ಭಾಗದಲ್ಲಿ ಒಂದು ಕಾಗದದಲ್ಲಿ ಹೆಸರು ಕನ್ನಡದ ರೂಢಿಯಂತೆ, ಇನ್ನೊಂದರಲ್ಲಿ ಮರಾಠಿಯ ರೂಢಿಯಂತೆ ಇರುವದುಂಟು. ಇಂಥ ಸಣ್ಣ ಅಂತರದಿಂದಲೂ ಅರ್ಜಿ ತಡೆಯಬಹುದು. ಮೊದಲೇ ತಿದ್ದಿಸಿಕೊಳ್ಳಿರಿ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಚೀಟಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಂತೆ ಗೊತ್ತಾದ ದಿನಗಳೊಳಗೆ ಉತ್ತರ ಕೊಡಬೇಕು. ಚೀಟಿಯ ಮೇಲಿನ ಸಂಖ್ಯೆ ಹೇಳಿದರೆ ಅರ್ಜಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ. ಬಾಯಿಮಾತಿಗೆ ತಿರುಗಿ ಬರಬೇಡಿರಿ.

ಒಬ್ಬರಿಗೆ ಒಂದೇ ಸಾಮಾಜಿಕ ಮಾಸಾಶನ ಎಂಬುದನ್ನೂ ನೆನಪಿಡಿರಿ. ವಿಧವಾ ವೇತನದ 800 ರೂಪಾಯಿ ಬರುತ್ತಿರುವ ತಾಯಿಗೆ ಎರಡೂ ಕಣ್ಣು ಹೋಗಿದ್ದರೆ, ಎರಡು ಪಗಾರ ಸಿಗುವದಿಲ್ಲ. ಆದರೆ 1400 ರೂಪಾಯಿಯದಕ್ಕೆ ಬದಲಾಯಿಸಿಕೊಳ್ಳುವ ಬಗ್ಗೆ ನಾಡಕಚೇರಿಯಲ್ಲಿ ವಿಚಾರಿಸಬೇಕು. ಎಷ್ಟೋ ಮನೆಗಳಲ್ಲಿ ಹಳೆಯದೇ ನಡೆದಿರುತ್ತದೆ, ಯಾರೂ ಕೇಳಿರುವದಿಲ್ಲ.

ರೊಕ್ಕ ನೇರವಾಗಿ ಖಾತೆಗೆ ಬೀಳುತ್ತದೆ. ಒಮ್ಮೆಲೆ ನಿಂತುಹೋದರೆ, ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಎಂದು ಮೊದಲು ಬ್ಯಾಂಕಿನಲ್ಲಿ ಕೇಳಿ, ಆಮೇಲೆ ನಾಡಕಚೇರಿಗೆ ಹೋಗಿರಿ. ಕಣ್ಣಿಲ್ಲದವರ ಪರವಾಗಿ ರೊಕ್ಕ ತೆಗೆಯಲು ಹೋದವರು, ಬಂದು ನೋಟನ್ನು ಅವರ ಕೈಯಲ್ಲಿ ಇಟ್ಟು, ಇಷ್ಟು ಎಂದು ಎಣಿಸಿ ಹೇಳಬೇಕು. ಅದು ಅವರ ರೊಕ್ಕ. ಔಷಧಕ್ಕೋ, ಚಹಾ-ಸಕ್ಕರೆಗೋ, ಮೊಮ್ಮಗಳ ಬಳೆಗೋ, ಖರ್ಚು ಮಾಡುವ ಅಧಿಕಾರ ಅವರದು.

ಕೊನೆಗೆ ಒಂದು ಎಚ್ಚರಿಕೆ. ಕೊಯ್ಲು, ಒಕ್ಕಲಾಟದ ಹೊತ್ತಿನಲ್ಲಿ ತೆನೆಯ ಮೊನೆಯೋ ಹೊಟ್ಟೋ ಕಣ್ಣಿಗೆ ಬಡಿದರೆ ತಿಕ್ಕಬೇಡಿರಿ. ಎಲೆಯ ರಸ, ಮೊಲೆಹಾಲು ಹಾಕಬೇಡಿರಿ. ಅದೇ ದಿವಸ ದವಾಖಾನೆಗೆ ಹೋಗಿರಿ. ತಡಮಾಡಿದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ, ಬಿಳಿಕಲೆ ನಿಂತು, ನೋಟ ಹೋಗುತ್ತದೆ. ಹಾಗೆ ಹೋದ ಒಂದು ಕಣ್ಣಿಗೆ ಸರ್ಕಾರದ ಲೆಕ್ಕದಲ್ಲಿ ನೂರಕ್ಕೆ 30 ಎಂಬುದನ್ನು ಈಗ ಕೇಳಿದಿರಿ.

ನಿಮ್ಮ ಓಣಿಯಲ್ಲಿ ಕಣ್ಣು ಕಾಣದವರು ಯಾರಿದ್ದಾರೆ ಎಂದು ಇಂದು ಸಂಜೆ ಒಮ್ಮೆ ನೆನಪು ಮಾಡಿಕೊಳ್ಳಿರಿ. ಅವರ ಹತ್ತಿರ ಹೋಗಿ, “ಕಾಕಾ, ನಿಮ್ಮ ಕಣ್ಣ ಅಳತಿ ಮಾಡಿಸೀರೇನ್ರಿ?” ಎಂದು ಕೇಳಿರಿ. ಅವರು ಇಲ್ಲ ಎಂದರೆ, ಬರುವ ವಾರ ನಿಮ್ಮ ಕೆಲಸಕ್ಕೆ ಖಾನಾಪುರಕ್ಕೆ ಹೋಗುವಾಗ ಅವರ ಕೈಹಿಡಿದು ಜೊತೆಗೆ ಕರೆದುಕೊಂಡು ಹೋಗಿರಿ.